ಕೆಳಮನೆಯ ಚರಂಡಿ

ನಮ್ಮ ಹಿಂಬಾಗಿಲ ಪಕ್ಕದ ಮೊಳೆಗೆ ಒಂದು ಗುದ್ದಲಿ ನೇತುಬಿದ್ದಿದೆ. ಹೊಲ ಅಗೆಯುವ ಗುದ್ದಲಿ ಅಲ್ಲ, ಅದರ ತಂಗಿ ಎನ್ನಬಹುದಾದ ಗಾತ್ರದ್ದು. ಅಲಗು ಸವೆದು ಸವೆದು ಒಂದು ಗೇಣಿಗೆ ಇಳಿದಿದೆ. ಹಿಡಿ ಮೊಳದುದ್ದ. ಮೊನ್ನೆ ಊಟಿಯಿಂದ ಬಂದಿದ್ದ ನೆಂಟರೊಬ್ಬರು ಅದನ್ನು ಇಳಿಸಿ, ತಿರುಗಿಸಿ ನೋಡಿ, “ಇದಕ್ಕೊಂದು ವಾರ್ನಿಶ್ ಹೊಡೆಸಿ ಹಾಲ್ ಗೋಡೆಗೆ ಹಾಕಿ ಟೀಚರ್, ಒಳ್ಳೆ ಶೋ ಕೊಡುತ್ತೆ” ಎಂದರು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಕಾಫಿ ಲೋಟವನ್ನು ಸ್ವಲ್ಪ ಜೋರಾಗಿಯೇ ಅವರ ಮುಂದೆ ಕುಕ್ಕಿದೆ. ಪಾಪ, ಅವರಿಗೇನು ಗೊತ್ತು. ಆ ಗುದ್ದಲಿಯ ವಿಷಯ ಬಂದರೆ ನನಗೆ ಸಿಟ್ಟು ಬರುತ್ತದೆ ಎನ್ನುವುದು ಇಡೀ ಹಟ್ಟಿಗೆ ಗೊತ್ತು, ಊಟಿಗೆ ಗೊತ್ತಿಲ್ಲ.

ಸಿಟ್ಟಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೂವತ್ತೊಂದು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವಳು. ಎಷ್ಟೋ ಮಕ್ಕಳು ಮಗ್ಗಿಗಿಂತ ಮೊದಲು ನನ್ನ ಹುಬ್ಬನ್ನು ಓದುವುದನ್ನು ಕಲಿತರು. ನಾವು ಬಡಗರು, ಊಟಿ ಕಡೆಯ ಬೆಟ್ಟದ ಜನ, ಇತ್ತಲಾರಿನಿಂದ ಸ್ವಲ್ಪ ಮೇಲೆ ನಮ್ಮ ಹಟ್ಟಿ. ಹೈಸ್ಕೂಲಿಗೆ ಮೈಸೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದಿದ್ದರಿಂದ ಬರೆಯುವಾಗ ನನಗೆ ಈ ಪುಸ್ತಕದ ಕನ್ನಡ ಬರುತ್ತದೆ, ಬೈಯುವಾಗ ಮಾತ್ರ ನಮ್ಮದೇ ಬೇಕು. ಇಲ್ಲಿ ನಮ್ಮವರು ಆಡಿದ ಮಾತುಗಳನ್ನು ನಿಮಗೆ ಅರ್ಥವಾಗುವಷ್ಟು ಹತ್ತಿರಕ್ಕೆ ಎಳೆದು ತಂದಿದ್ದೇನೆ. ಎಳೆಯುವಾಗ ಅಲ್ಲಲ್ಲಿ ತರಚಿದ್ದರೆ ಕ್ಷಮಿಸಿ.

ನೀರೆಂದರೆ ನನಗೆ ಹುಟ್ಟಿದಾಗಿನಿಂದ ಆಗದು. ನನ್ನ ತವರು ಎಮರಾಲ್ಡ್ ಕಡೆ. ಜೂನ್ ಬಂತೆಂದರೆ ತಗಡಿನ ಮೇಲೆ ಮಳೆ ಶುರುವಾಗಿ ಸೆಪ್ಟೆಂಬರಿನವರೆಗೆ ಮನೆಯೊಳಗೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಉಪ್ಪು ನೀರಾಗುತ್ತಿತ್ತು. ಬೆಂಕಿಪೊಟ್ಟಣವನ್ನು ಅವ್ವೆ ಅಕ್ಕಿಯ ಡಬ್ಬಿಯೊಳಗೆ ಹೂತಿಡುತ್ತಿದ್ದಳು. ಒಲೆಯ ಮೇಲೆ ದೊಡ್ಡ ಬುಟ್ಟಿ ಬೋರಲು ಹಾಕಿ ಅದರ ಮೇಲೆ ನಮ್ಮ ಯೂನಿಫಾರಂ ಒಣಹಾಕುವಳು. ನಾನು ನಾಲ್ಕು ತಿಂಗಳೂ ಹೊಗೆ ವಾಸನೆ ಹೊಡೆಯುತ್ತ ಶಾಲೆಗೆ ಹೋಗುತ್ತಿದ್ದೆ. ಒಂದು ವರ್ಷ ನನ್ನ ಚರಿತ್ರೆಯ ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸಲು ಹೋದರೆ ರಾಜರೆಲ್ಲ ಅರ್ಧರ್ಧ ಹರಿದುಬಂದರು. ಪರೀಕ್ಷೆಯಲ್ಲಿ ನಾನು ಬರೆದದ್ದೂ ಅರ್ಧರ್ಧವೇ. ಮೇಷ್ಟರಿಗೆ ಕಾರಣ ಹೇಳಿದರೆ, “ಮಳೆ ನಿನ್ನ ಮನೆಗೆ ಮಾತ್ರ ಬಂತಾ?” ಎಂದು ಕೇಳಿ ಬೆಂಚಿನ ಮೇಲೆ ನಿಲ್ಲಿಸಿದರು. ನನ್ನ ಸಿಟ್ಟು ಶುರುವಾದದ್ದು ಆ ಬೆಂಚಿನ ಮೇಲೆಯೇ ಇರಬೇಕು.

ಮದುವೆಯಾಗಿ ಈ ಹಟ್ಟಿಗೆ ಬಂದೆ. ನಮ್ಮಲ್ಲಿ ಮನೆಗಳು ಸಾಲಾಗಿ, ಗೋಡೆಗೆ ಗೋಡೆ ಅಂಟಿಕೊಂಡು ನಿಲ್ಲುತ್ತವೆ. ನಮ್ಮ ಸಾಲಿನಲ್ಲಿ ಎಂಟು ಮನೆ. ಮುಂದೆ ಎಲ್ಲರಿಗೂ ಸೇರಿ ಒಂದೇ ಅಂಗಳ, ಹಿಂದೆ ಗುಡ್ಡ ಕಡಿದ ದರೆ. ಆ ದರೆಗೂ ನಮ್ಮ ಹಿಂಗೋಡೆಗಳಿಗೂ ನಡುವೆ ಒಂದೇ ಒಂದು ಚರಂಡಿ, ಮೊದಲ ಮನೆಯಿಂದ ಎಂಟನೆಯದರವರೆಗೆ ಇಳಿಜಾರಾಗಿ ಹರಿದು ಟೀ ತೋಟಕ್ಕೆ ಬೀಳುತ್ತದೆ. ಗುಡ್ಡದಿಂದ ಜಿನುಗುವ ನೀರು, ಸೂರಿನಿಂದ ಬೀಳುವ ನೀರು ಎಲ್ಲಕ್ಕೂ ಅದೇ ದಾರಿ. ಮೊದಲನೆಯದು ನನ್ನ ಗಂಡನ ಅಣ್ಣನ ಮನೆ. ಎರಡನೆಯದು ನಮ್ಮದು.

ಮೇ ತಿಂಗಳ ಕೊನೆಯಲ್ಲಿ, ಎಲೆ ಕೊಯ್ಲು ಇಲ್ಲದ ಒಂದು ದಿನ ಗೊತ್ತುಮಾಡಿ, ಇಡೀ ಸಾಲು ಚರಂಡಿ ತೋಡುತ್ತದೆ. ಇದರಲ್ಲಿ ವಿಶೇಷವೇನಿಲ್ಲ ಎನ್ನುತ್ತೀರಿ. ಇದೆ. ನಮ್ಮ ಸಾಲಿನಲ್ಲಿ ಯಾರೂ ತಮ್ಮ ಮನೆಯ ಹಿಂದಿನ ಚರಂಡಿಯನ್ನು ತಾವು ತೋಡುವಂತಿಲ್ಲ. ಮೇಲಿನ ಮನೆಯವರು ಕೆಳಗಿನ ಮನೆಯದನ್ನು ತೋಡಬೇಕು. ಮೊದಲ ಮನೆಯವರು ನಮ್ಮದನ್ನು, ನಾವು ಮೂರನೆಯದನ್ನು, ಹೀಗೆ. ಎಂಟನೆಯವರು ಮೇಲೆ ಹತ್ತಿಬಂದು ಮೊದಲ ಮನೆಯದನ್ನು. ತೋಡಿಸಿಕೊಂಡ ಮನೆಯವರು ತೋಡಿದವರಿಗೆ ಕಾಫಿಯ ಜೊತೆ ತುಪ್ಪದಿಟ್ಟು ಕರಿದು ಕೊಡಬೇಕು. ಅದು ಮೈದಾ ಕಲಸಿ ಎಣ್ಣೆಯಲ್ಲಿ ಉಬ್ಬಿಸುವ ತಿಂಡಿ, ಹೆಸರಿನಲ್ಲಿರುವಷ್ಟು ತುಪ್ಪ ಅದರಲ್ಲಿರುವುದಿಲ್ಲ.

ನಾನು ಬಂದ ಮೊದಲ ವರ್ಷವೇ ನನ್ನ ಅತ್ತೆ, ನಮ್ಮ ಮಾತಿನಲ್ಲಿ ಮಾಮಿ, ಈ ಗುದ್ದಲಿಯನ್ನು ನನ್ನ ಕೈಗೆ ಕೊಟ್ಟಳು. ಅದರ ಅಲಗು ಚರಂಡಿಯ ತಳಕ್ಕೆ ಅಳೆದಂತೆ ಕೂರುತ್ತಿತ್ತು. “ನಂದ ಬಿಟ್ಟು ಅವರದ ಏಕ ತೋಡೋದು ಮಾಮಿ?” ಎಂದು ಕೇಳಿದೆ. ಮಾಮಿ, “ಹಂಗೇ ಇರದು” ಎಂದಳು. ಹಾಗೇ ಇರುವುದು, ಅಂತ; ನಮ್ಮ ಮಾತಿನಲ್ಲಿ ಇರದು ಎಂದರೆ ಇರುವುದು, ಹೋಗದು ಎಂದರೆ ಹೋಗುವುದು. ಮೇಷ್ಟರ ಬೆಂಚನ್ನು ಕಂಡುಬಂದಿದ್ದ ನನಗೆ ಆ ಉತ್ತರ ರುಚಿಸಲಿಲ್ಲ. ನಾನೇ ಒಂದು ಅರ್ಥ ಕಟ್ಟಿಕೊಂಡೆ: ಇದು ಒಬ್ಬರು ಇನ್ನೊಬ್ಬರ ಹಿತ್ತಿಲಿಗೆ ಇಣುಕಲು ಮಾಡಿಕೊಂಡ ಉಪಾಯ.

ಹಾಗೆ ಅನ್ನಿಸಲು ಕಾರಣ ನನ್ನ ಓರಗಿತ್ತಿ ಮಾದಿಯಕ್ಕ. ಮೊದಲ ಮನೆಯವಳು ಅವಳೇ, ನಮ್ಮ ಹಿತ್ತಿಲ ಚರಂಡಿ ತೋಡುವವಳೂ ಅವಳೇ. ಸೀರೆಯನ್ನು ಮಂಡಿಗೆ ಎತ್ತಿಕಟ್ಟಿ, ತಲೆಗೆ ಬಿಳಿ ಬಟ್ಟೆ ಬಿಗಿದು, ಅವಳು ನಮ್ಮ ಹಿಂಬದಿಗೆ ಇಳಿದಳೆಂದರೆ ತಪಾಸಣೆಗೆ ಅಧಿಕಾರಿ ಬಂದ ಹಾಗೆ. ಒಂದೊಂದು ಗುದ್ದಲಿ ಹೂಳು ಎತ್ತಿದಾಗಲೂ ಒಂದೊಂದು ಮಾತು. “ಟೀಚರೆ, ಅನ್ನ ಇಲ್ಲಿಗೇ ಬಸಿದಿರೆಯಾ? ಟೀಚರೆ, ಈ ಚಮಚ ನಿಂದು ತಾನೆ?” ಒಂದು ವರ್ಷ ನಾನು ಹಾಲು ಕಾಯಿಸಲು ಇಟ್ಟು, ಉತ್ತರಪತ್ರಿಕೆ ತಿದ್ದುತ್ತ ಕೂತು, ಪಾತ್ರೆಯನ್ನು ತಳ ತೂತಾಗುವಷ್ಟು ಸುಟ್ಟಿದ್ದೆ. ಮಾಮಿಗೆ ಗೊತ್ತಾಗಬಾರದೆಂದು ಅದನ್ನು ಚರಂಡಿಯ ಹೂಳಿನಲ್ಲಿ ಆಳವಾಗಿ ಹುಗಿದಿದ್ದೆ. ಚರಂಡಿ ತೋಡುವ ದಿನ ಬರುತ್ತದೆನ್ನುವುದು ಓದಿದವಳಿಗೆ ಮರೆತುಹೋಗಿತ್ತು. ಮಾದಿಯಕ್ಕ ಅದನ್ನು ಎತ್ತಿದಳು. ಬೈಯಲಿಲ್ಲ. ಬೂದಿ ಹಾಕಿ ಚೆನ್ನಾಗಿ ಉಜ್ಜಿ ತೊಳೆದು, ಮುಂದಿನ ಅಂಗಳದ ಕಟ್ಟೆಯ ಮೇಲೆ, ಎಂಟು ಮನೆಯವರೂ ಓಡಾಡುವ ಜಾಗದಲ್ಲಿ ಇಟ್ಟಳು. ಆ ತೂತಿನಲ್ಲಿ ಬೆಳಕು ಕಾಣುತ್ತಿತ್ತು. ಸಂಜೆಯವರೆಗೆ ಅದು ಅಲ್ಲೇ ಇತ್ತು. ತೆಗೆದರೆ ನನ್ನದೆಂದು ಒಪ್ಪಿಕೊಂಡಂತೆ, ಬಿಟ್ಟರೆ ಮಾನ ಹೋದಂತೆ.

ಆ ಪಾತ್ರೆಯನ್ನು ನಾನು ಮೂವತ್ತು ವರ್ಷ ಮರೆಯಲಿಲ್ಲ. ಇದು ಹೆಮ್ಮೆಯ ಮಾತಲ್ಲ, ಆದರೆ ನಿಜ. ಪ್ರತಿ ವರ್ಷ ತುಪ್ಪದಿಟ್ಟು ಕರಿದು ಅವಳ ಮುಂದೆ ಇಡುವಾಗಲೂ ನನ್ನ ಕಣ್ಣಿಗೆ ಆ ತೂತೇ ಕಾಣುತ್ತಿತ್ತು.

ನಿವೃತ್ತಿಯಾದ ವರ್ಷ ನಾನು ಒಂದು ಬಟ್ಟೆ ಒಗೆಯುವ ಮೆಷಿನ್ ಕೊಂಡೆ. ಅದನ್ನು ಇಡಲು ಹಿಂಬದಿಯಲ್ಲಿ ಜಾಗ ಬೇಕಾಯಿತು. ದರೆಗೂ ಗೋಡೆಗೂ ನಡುವಿನ ಚರಂಡಿಯಲ್ಲಿ ಪೈಪು ಹಾಕಿ, ಮೇಲೆ ಕಾಂಕ್ರೀಟ್ ಹಲಗೆ ಮುಚ್ಚಿದರೆ ಒಳ್ಳೆಯ ನೆಲವಾಗುತ್ತದೆ ಎಂದು ನನ್ನ ಬುದ್ಧಿಗೆ ಹೊಳೆಯಿತು. ಇವರು, ಅಂದರೆ ನನ್ನ ಗಂಡ, ಮೆತ್ತಗಿನ ಮನುಷ್ಯ, ತಲೆ ಕೆರೆದುಕೊಂಡು, “ಮಾದಿಯಕ್ಕನ ಒಂದು ಮಾತು ಕೇಳೋಣವಾ?” ಎಂದರು. ನಾನು ಕುದ್ದುಹೋದೆ. “ನನ್ನ ಮನೆ ಹಿಂದ ನಾ ಏನ ಮಾಡಿದರೂ ಅವಳ ಏಕ ಕೇಳಬೇಕು?” ಎಂದೆ. ನಿಮಗೆ ಸುಳ್ಳೇಕೆ ಹೇಳಲಿ, ಮೆಷಿನ್ ಒಂದು ನೆಪ. ಚರಂಡಿ ಮುಚ್ಚಿದರೆ ಮಾದಿಯಕ್ಕ ಇನ್ನು ನನ್ನ ಹಿತ್ತಿಲಿಗೆ ಇಳಿಯುವಂತಿಲ್ಲ ಎನ್ನುವ ಸಂತೋಷ ಮೆಷಿನ್ನಿಗಿಂತ ದೊಡ್ಡದಾಗಿತ್ತು.

ಮೇಟ್ಟುಪಾಳಯಂ ಕಡೆಯ ಒಬ್ಬ ಮೇಸ್ತ್ರಿ ಬಂದ. ಬಯಲುಸೀಮೆಯವನು, ಮಳೆಯನ್ನು ಕ್ಯಾಲೆಂಡರಿನಲ್ಲಿ ನೋಡಿದವನು. “ನಾಲು ಇಂಚು ಪೈಪ್ ಪೋದುಂ ಟೀಚರಮ್ಮಾ, ಯಾನೆ ವಂದಾಲುಂ ಒಡೆಯಾದು” ಎಂದ. ನಾಲ್ಕಿಂಚಿನ ಪೈಪು ಸಾಕು, ಆನೆ ಬಂದರೂ ಹಲಗೆ ಒಡೆಯದು ಅಂತ. ಆನೆ ಇರುವುದು ಮಸಿನಗುಡಿಯಲ್ಲಿ. ನಮ್ಮಲ್ಲಿ ಇರುವುದು ಮಳೆ ಎಂದು ನಾನಾದರೂ ಹೇಳಬೇಕಿತ್ತು. ಹೇಳುವ ಬದಲು ಇನ್ನೊಂದು ಜಾಣತನ ಮಾಡಿದೆ. ಇಲಿಗಳು ಪೈಪಿನಿಂದ ಬಂದು ಮೆಷಿನ್ನಿನ ವೈರು ಕಡಿದಾವು ಎಂದು, ಪೈಪಿನ ಬಾಯಿಗೆ ಒಂದು ಕಬ್ಬಿಣದ ಜಾಲರಿ ಹಾಕಿಸಿದೆ. ಬಾಯಿ ಎಂದರೆ ನಮ್ಮ ಹಲಗೆಯ ಕೆಳಗೆ, ಒಂದು ತೋಳಿನಷ್ಟು ಒಳಗೆ. ಹೊರಗೆ ಹಾಕಿದರೆ ಚೆಂದ ಕಾಣುವುದಿಲ್ಲ ಅಂತ.

ಆ ಮೇ ತಿಂಗಳಿನಲ್ಲಿ ಮಾದಿಯಕ್ಕ ಎಂದಿನಂತೆ ಗುದ್ದಲಿ ಹಿಡಿದು ಬಂದಳು. ನಾನು ಬಾಗಿಲಲ್ಲೇ ನಿಂತಿದ್ದೆ, ಅವಳ ಮುಖ ನೋಡಬೇಕೆಂದು. ಅವಳು ಹಲಗೆಯ ಮೇಲೆ ನಿಂತಳು. ಗುದ್ದಲಿಯ ಹಿಡಿಯಿಂದ ಎರಡು ಸಲ ಕುಟ್ಟಿ ಕಿವಿಗೊಟ್ಟಳು. ಆಮೇಲೆ ಕೇಳಿದಳು, “ಇದಕ್ಕ ಕೈ ಹೋಗದು ಎಲ್ಲಿ ಟೀಚರೆ?”

“ಕೈ ಏಕ ಅಕ್ಕ? ಪೈಪ್ ಇದ್ದರೆ ಕೈ ಬೇಡ” ಎಂದೆ.

ಅವಳು ಗುದ್ದಲಿ ಹೆಗಲಿಗೆ ಹಾಕಿ ಹೊರಟಳು. ನಾನು ತುಪ್ಪದಿಟ್ಟು ಕರಿದಿದ್ದೆ. “ತೋಡಿಲ್ಲೆ, ಹೆಂಗ ತಿನ್ನದು?” ಎಂದು ಕೈಯಲ್ಲಿ ಕೂಡ ಮುಟ್ಟಲಿಲ್ಲ. ಬಿಂಕ ನೋಡು ಎಂದು ನಾನು ಅಷ್ಟನ್ನೂ ಇವರಿಗೇ ತಿನ್ನಿಸಿದೆ.

ಮೊದಲ ಮಳೆಗಾಲ ಏನೂ ಆಗಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಎರಡನೆಯ ಮಳೆಗಾಲ ಮಾದಿಯಕ್ಕ ಬಂದು, “ಒಳಮನೆ ಗೋಡೆ ಬೆವತದೆ” ಎಂದಳು. ಹೋಗಿ ನೋಡಿದೆ. ಹಿಂಗೋಡೆಯಲ್ಲಿ ನೆಲದಿಂದ ಮಂಡಿಯೆತ್ತರಕ್ಕೆ ಕಪ್ಪಗೆ ತೇವ ಏರಿತ್ತು. ಅವಳದು ಇನ್ನೂ ಹಳೆಯ ಮಣ್ಣು ಗೋಡೆ. ನಾನು ಟೀಚರಲ್ಲವೆ, ಸುಮ್ಮನಿರಲಾರೆ. ಮಣ್ಣು ಗೋಡೆ ಹೀಗೇ, ತೇವ ತಡೆಯುವ ಪೇಂಟು ಬಂದಿದೆ, ಬಳಿಸು ಎಂದು ಬುದ್ಧಿ ಹೇಳಿದೆ. ಬರೀ ಹೇಳಲಿಲ್ಲ, ಅವಳನ್ನು ಬಸ್ಸು ಹತ್ತಿಸಿ ಕೂನೂರಿಗೆ ಕರೆದುಕೊಂಡು ಹೋದೆ. ಅಂಗಡಿಯವನು ಒಂದು ಬಣ್ಣದ ಕಾಗದ ಕೊಟ್ಟ. ಅದರಲ್ಲಿ ನಗುತ್ತಿರುವ ಒಂದು ಕುಟುಂಬ ಬಿಳಿ ಗೋಡೆಗೆ ಒರಗಿ ನಿಂತಿತ್ತು. ಅವರ ಮನೆಯ ಹಿಂದೆ ಏನಿದೆ ಎಂದು ಯಾರೂ ಬರೆದಿರಲಿಲ್ಲ.

ಆ ಕಾಗದ ಕಂಡರೆ ಈಗಲೂ ನನಗೆ ಹರಿದು ಹಾಕುವಷ್ಟು ಸಿಟ್ಟು. ಮನೆಗೆ ನೀರು ಬಾರದಂತೆ ತಡೆಯುವುದು ಹೇಗೆ ಎಂದು ಫೋನಿನಲ್ಲಿ ದಿನಕ್ಕೊಂದು ಸಲಹೆ ಬರುತ್ತದೆ. ಒಳಗೆ ಇದನ್ನು ಬಳಿಯಿರಿ, ಅದನ್ನು ಮೆತ್ತಿರಿ, ಮೂಲೆಯಲ್ಲಿ ಬಟ್ಟಲಿನಲ್ಲಿ ಉಪ್ಪಿಡಿ. ನೀರು ಹೊರಗೆ ನಿಂತು ಗೋಡೆಗೆ ಹೆಗಲು ಕೊಟ್ಟು ತಳ್ಳುತ್ತಿರುವಾಗ ಒಳಗಿನಿಂದ ಬಣ್ಣ ಬಳಿದರೆ ಏನಾಗುತ್ತದೆ? ಹಪ್ಪಳವಾಗುತ್ತದೆ. ಮಾದಿಯಕ್ಕನ ಗೋಡೆಯ ಬಣ್ಣ ಹಾಗೇ ಉಬ್ಬಿ ಎದ್ದಿತು. ಬೆರಳಿಟ್ಟು ಒತ್ತಿದರೆ ಒಳಗಿನಿಂದ ನೀರು ಚಿಮ್ಮುತ್ತಿತ್ತು. ನಾನು ಅಂಗಡಿಯವನನ್ನು ಬೈದೆ, ಪೇಂಟಿನವರನ್ನು ಬೈದೆ, ಬಳಿದವನನ್ನು ಬೈದೆ. ಬೆಣ್ಣೆ ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ. ನಾನು ಕೂನೂರಿನ ಅರ್ಧ ಪೇಟೆಯ ಬಾಯಿಗೆ ಒರೆಸಿ ಬಂದೆ.

ಮೂರನೆಯದು ಹೋದ ವರ್ಷದ ಮಳೆಗಾಲ. ಜುಲೈ ಪೂರ್ತಿ ಬೆಳಗಿನ ಹೊತ್ತು ಗೋಡೆಯಾಚೆಯಿಂದ ಒಂದು ಸದ್ದು. ಕೊಡ ಮುಳುಗುವ ಸದ್ದು, ಆಮೇಲೆ ದೂರ ಚೆಲ್ಲುವ ಸದ್ದು. ಮಾದಿಯಕ್ಕ ತನ್ನ ಹಿಂದೆ ನಿಂತ ನೀರನ್ನು ಕೊಡದಲ್ಲಿ ಮೊಗೆದು ಮುಂದಿನ ಅಂಗಳಕ್ಕೆ ಹೊತ್ತು ಸುರಿಯುತ್ತಿದ್ದಳು. ಭಾವ ತೀರಿಕೊಂಡಿದ್ದರು, ಮಗಳು ಕೂನೂರಿನಲ್ಲಿ. ಅರವತ್ತೈದು ದಾಟಿದವಳು ನಲವತ್ತು ಕೊಡ, ಐವತ್ತು ಕೊಡ ಎತ್ತಿ ಆಮೇಲೆ ತೋಟಕ್ಕೆ ಎಲೆ ಕೀಳಲು ಹೋಗುತ್ತಿದ್ದಳು. ನಾನು ಹಾಸಿಗೆಯಲ್ಲಿ ಮಲಗಿ ಎಣಿಸುತ್ತಿದ್ದೆ. ನನಗೆ ಕೇಳಿಸಲೆಂದೇ ಮಾಡುತ್ತಿದ್ದಾಳೆ ಎಂದುಕೊಂಡು ಮಗ್ಗುಲಾಗುತ್ತಿದ್ದೆ. ಅವಳ ಚರಂಡಿಯ ಇಳಿಜಾರು ಸರಿಯಿಲ್ಲ, ಅದಕ್ಕೆ ನೀರು ನಿಲ್ಲುತ್ತದೆ ಎಂದು ಇವರಿಗೂ ವಿವರಿಸಿದ್ದೆ. ಇಳಿಜಾರು ನೂರು ವರ್ಷದಿಂದ ಸರಿಯಿತ್ತು.

ಒಂದು ಮಧ್ಯಾಹ್ನ, ಅವಳು ತೋಟದಲ್ಲಿದ್ದಾಗ, ಗೋಡೆ ಬಿತ್ತು. ಗುಡುಗಲಿಲ್ಲ, ಅಬ್ಬರವಿಲ್ಲ. ಒದ್ದೆ ಚೀಲ ಕುಸಿದ ಹಾಗೆ ಒಂದು ಸದ್ದು. ನಾವು ಓಡಿದಾಗ ಒಳಮನೆಯಲ್ಲಿ ಮಂಡಿಯವರೆಗೆ ಕೆಸರು. ಅವಳ ದೀಪ, ಹಾಲಿನ ಪಾತ್ರೆಗಳು, ಭಾವನ ಫೋಟೋ, ಟ್ರಂಕು ಎಲ್ಲ ಮಣ್ಣಿನಡಿ. ಅವಳ ಗುದ್ದಲಿಯೂ ಅಲ್ಲೇ. ಅವಳು ಬಂದು ಬಾಗಿಲಲ್ಲಿ ನಿಂತು ನೋಡಿದಳು. ಎಲೆ ತುಂಬಿದ ಚೀಲ ಇನ್ನೂ ಬೆನ್ನಿನ ಮೇಲೆಯೇ ಇತ್ತು.

ಇವರು ಆಗ ಹಾರೆ ತಂದು ನಮ್ಮ ಮೊದಲ ಹಲಗೆಯನ್ನು ಎಬ್ಬಿಸಿದರು. ಮೂವತ್ತು ವರ್ಷದಲ್ಲಿ ಅವರು ನನ್ನನ್ನು ಕೇಳದೆ ಮಾಡಿದ ಕೆಲಸ ಅದೊಂದೇ. ಜಾಲರಿಯ ಮೇಲೆ ಸಿಲ್ವರ್ ಓಕ್ ಎಲೆಗಳು ಒಂದರ ಮೇಲೊಂದು ಅಂಟಿ ರಟ್ಟಿನ ಹಾಗೆ ಕೂತಿದ್ದವು. ಅವುಗಳ ನಡುವೆ ಹಲಗೆಯ ಸಂದಿಯಿಂದ ಬಿದ್ದ ನಮ್ಮ ಮನೆಯ ಶಾಂಪೂ ಪೊಟ್ಟಣಗಳು. ಇವರು ಕೈ ಹಾಕಿ ಆ ಪದರವನ್ನು ಕಿತ್ತ ಕೂಡಲೇ ಮೇಲಿನ ಮನೆಯ ಹಿಂದೆ ನಿಂತಿದ್ದ ನೀರೆಲ್ಲ ಗುಳುಗುಳು ಎಂದು ಇಳಿದುಹೋಯಿತು. ಒಂದು ಕೈ ಹೋಗುವಷ್ಟು ಜಾಗವಿದ್ದಿದ್ದರೆ ಸಾಕಿತ್ತು.

ಆಗ ನನಗೆ ಮಾಮಿಯ “ಹಂಗೇ ಇರದು” ಅರ್ಥವಾಯಿತು. ಕೆಳಗಿನ ಮನೆಯ ಚರಂಡಿ ಕಟ್ಟಿದರೆ ನೀರು ನಿಲ್ಲುವುದು ಮೇಲಿನ ಮನೆಯ ಬೆನ್ನಿಗೆ. ಕೆಳಗಿನವರಿಗೆ ಅದು ಕಾಣುವುದೂ ಇಲ್ಲ, ನೋಯುವುದೂ ಇಲ್ಲ. ಅದಕ್ಕೇ ಯಾರ ಗೋಡೆ ನೆನೆಯುತ್ತದೋ ಅವರ ಕೈಗೇ ಗುದ್ದಲಿ ಕೊಟ್ಟಿದ್ದರು. ಹಿರಿಯರು ಇಣುಕುವುದಕ್ಕೆ ಮಾಡಿದ ಪದ್ಧತಿಯಲ್ಲ. ಇಷ್ಟನ್ನು ಮಾಮಿ ಬಾಯಿಬಿಟ್ಟು ಹೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ನನಗೆ ತೀರಿಹೋದ ಮಾಮಿಯ ಮೇಲೂ ಸಿಟ್ಟು ಬಂತು.

ಆದರೆ ನಿಜವಾದ ಸಿಟ್ಟು ಬಂದದ್ದು ಮಾರನೆಯ ದಿನ. ಸಾಲಿನವರೆಲ್ಲ ಅಂಗಳದಲ್ಲಿ ಸೇರಿದ್ದರು. ಮೂರನೇ ಮನೆಯ ಬೆಳ್ಳಿಯಣ್ಣ, ನಮ್ಮೆಲ್ಲರಿಗಿಂತ ಹಿರಿಯ, ಮಾದಿಯಕ್ಕನನ್ನು ಕೇಳಿದ, “ಎಂಗ ಬಿತ್ತು ತಂಗಿ?” ನಾನು ಉತ್ತರಕ್ಕೆ ಸಿದ್ಧವಾಗಿ ನಿಂತಿದ್ದೆ. ಅವಳು ನನ್ನ ಹೆಸರು ಹೇಳುತ್ತಾಳೆ, ನಾನು ಹಾಲಿನ ಪಾತ್ರೆಯ ಕತೆಯಿಂದ ಶುರುಮಾಡುತ್ತೇನೆ, ಇಬ್ಬರೂ ಗಂಟಲು ಹರಿಯುವಷ್ಟು ಜಗಳವಾಡಿ ಹಗುರಾಗುತ್ತೇವೆ ಎಂದು.

ಅವಳು ನೆಲ ನೋಡಿಕೊಂಡು, “ನಾ ತೋಡಿಲ್ಲೆ ಅಣ್ಣ. ಮೂರು ವರ್ಷ ಆತು, ಕೆಳಮನೆ ಚರಂಡಿ ನಾ ತೋಡಿಲ್ಲೆ” ಎಂದಳು.

ನಮ್ಮ ಚರಂಡಿ ಅವಳ ಕೆಲಸ. ಕೆಲಸ ಆಗಲಿಲ್ಲ ಎಂದರೆ ತಪ್ಪು ಅವಳದು. ನಾನು ಅದರ ಮೇಲೆ ಕಾಂಕ್ರೀಟ್ ಮುಚ್ಚಿದ್ದು, ಜಾಲರಿ ಜಡಿದದ್ದು ಅವಳ ಲೆಕ್ಕದಲ್ಲಿ ಬರಲೇ ಇಲ್ಲ. ಎಂಟು ಮನೆಯವರೂ ನನ್ನನ್ನು ನೋಡಿದರು. ಅವಳೊಬ್ಬಳು ನೋಡಲಿಲ್ಲ. ನಾನು, “ಬೈಯಿ ಅಕ್ಕ” ಎಂದೆ. “ಏನಂತ ಬೈಲಿ?” ಎಂದು ಟ್ರಂಕನ್ನು ಒರೆಸತೊಡಗಿದಳು. ಆ ದಿನ ನನಗೆ ಬಂದ ಕೋಪಕ್ಕೆ ಹೋಗಲು ದಾರಿಯಿರಲಿಲ್ಲ. ಅದು ನನ್ನೊಳಗೇ ನಿಂತು ನನ್ನನ್ನೇ ನೆನೆಸಿತು. ಸಂಜೆಯ ಬಸ್ಸಿಗೆ ಅವಳು ಮಗಳ ಮನೆಗೆ ಹೊರಟುಹೋದಳು.

ಹಲಗೆಗಳನ್ನೆಲ್ಲ ಒಡೆಸಿದೆ. ಪೈಪು ಕೀಳಿಸಿದೆ. ಜಾಲರಿಯನ್ನು ನಾನೇ ಕಿತ್ತು ದರೆಯ ಮೇಲಕ್ಕೆ ಬೀಸಿ ಎಸೆದೆ. ಮೆಷಿನ್ ಈಗ ನಡುಮನೆಯಲ್ಲಿ ಬಟ್ಟೆ ಹೊದ್ದು ಕೂತಿದೆ, ಬಂದವರು ಅದರ ಮೇಲೆ ಕಾಫಿ ಲೋಟ ಇಡುತ್ತಾರೆ. ಬಿಸಿಲು ಬಂದ ಮೇಲೆ ಮಾದಿಯಕ್ಕನ ಹಿಂಗೋಡೆಯನ್ನು ನಾವು ಕಟ್ಟಿಸಿದೆವು, ಸೊಂಟದವರೆಗೆ ಕಲ್ಲು, ಅದರ ಮೇಲೆ ಇಟ್ಟಿಗೆ. ಫೆಬ್ರವರಿಯಲ್ಲಿ ಕೂನೂರಿಗೆ ಹೋಗಿ, ತಪ್ಪಾಯಿತು ಅಕ್ಕ, ಬಾ ಎಂದು ಕರೆದೆ. ಜನ್ಮದಲ್ಲಿ ಮೊದಲ ಸಲ ಆ ಮಾತು ಆಡಿದ್ದೆ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಉರುಹೊಡೆದಿದ್ದೆ. ಅವಳು ಅದನ್ನು ತೆಗೆದುಕೊಳ್ಳಲೇ ಇಲ್ಲ. “ನಿಂದೇನ ತಪ್ಪು? ತೋಡಬೇಕಾದವಳು ನಾ” ಎಂದಳು. ಆಮೇಲೆ, “ಇನ್ನು ಅಲ್ಲಿ ಬಂದು ನಾ ಏನ ಮಾಡಲಿ?” ಎಂದಳು. ಮಗಳ ಮನೆಯ ಮೂರನೇ ಮಹಡಿಯ ಕಿಟಕಿಯಲ್ಲಿ ಕೂತು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಆ ಕೈಗಳು ಸುಮ್ಮನಿದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಈ ವರ್ಷ ಮೇ ಕೊನೆಯಲ್ಲಿ ಸಾಲು ಚರಂಡಿ ತೋಡಿತು. ಏಳು ಮನೆಯ ಹಿಂದೆ ಶುದ್ಧವಾಯಿತು. ನಮ್ಮದು ಮಾತ್ರ ಉಳಿಯಿತು. ಒಂದು ವರ್ಷದ ಹೂಳು, ಎಲೆ, ದರೆಯಿಂದ ಜಾರಿದ ಮಣ್ಣು. ಇವರು ಗುದ್ದಲಿಗೆ ಕೈ ಹಾಕಿದರು. “ಮುಟ್ಟಬೇಡಿ” ಎಂದೆ. ಬೆಳ್ಳಿಯಣ್ಣ ಬಂದು, “ಮಳೆ ಬರೋದು ಹೆಣ್ಣೆ, ನಾ ತೋಡಿಕೊಡಲಾ?” ಎಂದ. “ಅದ ತೋಡೋದು ಅವಳು” ಎಂದೆ. ನಾಲ್ಕು ದಿನ ಕಳೆಯಿತು. ಸಂಜೆ ಅವಲಾಂಚಿ ಕಡೆಯ ಬೆಟ್ಟಗಳ ಮೇಲೆ ಮೋಡ ಕಟ್ಟತೊಡಗಿತು. ಸಾಲಿನಲ್ಲಿ ಎಲ್ಲರೂ ನನ್ನನ್ನು ಬೈದರು. ಹೊಸ ಗೋಡೆ, ಇನ್ನೂ ಒಂದು ಮಳೆಗಾಲವನ್ನೂ ಕಂಡಿಲ್ಲ, ಮತ್ತೆ ನೀರು ನಿಂತರೆ ಏನು ಗತಿ ಎಂದರು. ಗೊತ್ತಿತ್ತು. ಆ ಗೋಡೆ ಇನ್ನೊಂದು ಸಲ ಬಿದ್ದರೆ ಮಾದಿಯಕ್ಕ ಈ ಹಟ್ಟಿಗೆ ಮತ್ತೆ ಕಾಲಿಡುವುದಿಲ್ಲ ಎನ್ನುವುದೂ ಗೊತ್ತಿತ್ತು. ಹಿತ್ತಿಲಿಗೆ ಹೋದಾಗಲೆಲ್ಲ ಕೈ ನವೆಯುತ್ತಿತ್ತು. ಸೆರಗಿಗೆ ಕೈ ಸುತ್ತಿಕೊಂಡು ಒಳಗೆ ಬರುತ್ತಿದ್ದೆ.

ಐದನೆಯ ದಿನ ಬೆಳಿಗ್ಗೆ ಮೊದಲ ಮಳೆ ಬಿತ್ತು. ನೋಡನೋಡುತ್ತಲೇ ಅವಳ ಹೊಸ ಗೋಡೆಯ ಬುಡದಲ್ಲಿ ಗೇಣು ನೀರು ನಿಂತಿತು. ನಾನು ಫೋನ್ ಹಚ್ಚಿದೆ. ತಪ್ಪಾಯಿತು ಎನ್ನುವ ಪಾಠ ಆಗಲೇ ಮುಗಿದಿತ್ತು. ಬಾಯಿಗೆ ಬಂದಂತೆ ಬೈದೆ.

“ನಿನ್ನ ಕೆಲಸ ಹಂಗೇ ಬಿದ್ದದೆ. ಎಂಟು ಮನೆಯಾಗ ನೀ ಒಬ್ಬಳೇ ತೋಡಿಲ್ಲೆ. ನೀರು ನಿಂತದೆ. ನಿನ್ನ ಗೋಡೆ ಬಿದ್ದರೆ ನನ್ನ ಕೇಳಬೇಡ” ಎಂದೆ.

ಮಾದಿಯಕ್ಕ ಕೇಳಿದಳು, “ಕೈ ಹೋಗದಾ?”

“ಹೋಗದು” ಎಂದೆ, ಹೋಗುತ್ತದೆ ಅಂತ.

ಫೋನು ಇಟ್ಟಳು.

ಮಧ್ಯಾಹ್ನಕ್ಕೆ ಮುಂಚೆ ಬಸ್ಸಿನಿಂದ ಇಳಿದು, ಕೊಡೆಯನ್ನು ಕಂಕುಳಲ್ಲೇ ಇರುಕಿಕೊಂಡು ಮಳೆಯಲ್ಲಿ ನಡೆದು ಬಂದಳು. ತನ್ನ ಮನೆಯ ಬೀಗ ಕೂಡ ತೆಗೆಯಲಿಲ್ಲ. ನೇರ ನಮ್ಮ ಹಿತ್ತಿಲಿಗೆ ಇಳಿದು, ಸೀರೆ ಎತ್ತಿಕಟ್ಟಿ, ಕೈ ಚಾಚಿದಳು. ಅವಳ ಗುದ್ದಲಿ ಮಣ್ಣಿನಡಿ ಹೋಗಿತ್ತಲ್ಲ, ಮಾಮಿಯ ಗುದ್ದಲಿಯನ್ನು ಮೊಳೆಯಿಂದ ತೆಗೆದು ಕೊಟ್ಟೆ. ಮೊದಲ ಏಟಿಗೇ ಶುರುಮಾಡಿದಳು. ಒಂದು ವರ್ಷ ಹಿಂಬಾಗಿಲು ತೆಗೆದು ನೋಡಿಲ್ಲವಾ, ಇದು ಮನೆಯಾ ಹಂದಿ ದೊಡ್ಡಿಯಾ, ಮಕ್ಕಳಿಗೆ ಏನು ಕಲಿಸಿದೆ, ಚಹಾ ಚರಟ ಈಗಲೂ ಇಲ್ಲಿಗೇ ಸುರಿಯುವುದು ಬಿಟ್ಟಿಲ್ಲವಲ್ಲ. ನಾನೂ ಬಿಡಲಿಲ್ಲ. ಮೂಲೆಯಲ್ಲಿ ಹೂಳು ಉಳಿಯಿತು, ವಯಸ್ಸಾಯಿತು ನಿನಗೆ, ಕಣ್ಣು ಕಾಣುವುದಿಲ್ಲ ಎಂದು ಬಾಗಿಲಲ್ಲಿ ನಿಂತು ಕೂಗಿದೆ. ಇವರು ಒಳಗೆ ಹೋಗಿ ರೇಡಿಯೋ ಜೋರು ಮಾಡಿಕೊಂಡರು. ಒಂದು ಗಂಟೆಯಲ್ಲಿ ನೀರು ದಾರಿ ಹಿಡಿಯಿತು. ಅವಳ ಗೋಡೆಯ ಬುಡ ಮತ್ತೆ ಕಲ್ಲು ಕಾಣುವಷ್ಟು ಬರಿದಾಯಿತು.

ನಾನು ಒಳಗೆ ಹೋಗಿ ತುಪ್ಪದಿಟ್ಟು ಕರಿದೆ. ಅವಳು ಕಾಲು ತೊಳೆದು ಬಂದು ಆರು ತಿಂದಳು. ಏಳನೆಯದಕ್ಕೆ ಉಪ್ಪು ಕಡಿಮೆ ಎಂದಳು.

ಅವಳು ತನ್ನ ಮನೆಯ ಬೀಗ ತೆಗೆದು ಒಳಗೆ ಹೋದ ಮೇಲೆ ನಾನು ಮುಂದಿನ ಅಂಗಳಕ್ಕೆ ಬಂದೆ. ಮಳೆ ನಿಂತಿತ್ತು. ಕಟ್ಟೆಯ ಮೇಲೆ, ಎಂಟು ಮನೆಯವರೂ ಓಡಾಡುವ ಜಾಗದಲ್ಲಿ, ನಾನು ದರೆಗೆ ಎಸೆದ ಆ ಕಬ್ಬಿಣದ ಜಾಲರಿ ಕೂತಿತ್ತು. ಜಾರಿದ ಮಣ್ಣಿನೊಡನೆ ಚರಂಡಿಗೆ ಬಿದ್ದಿದ್ದಿರಬೇಕು. ಬೂದಿ ಹಾಕಿ ಉಜ್ಜಿ, ಒಂದು ಎಲೆಯೂ ಉಳಿಯದಂತೆ ತೊಳೆದಿದ್ದಳು. ಅದರ ತೂತುಗಳಲ್ಲೆಲ್ಲ ಬೆಳಕು ಕಾಣುತ್ತಿತ್ತು. ನನಗೆ ಎಷ್ಟು ಸಿಟ್ಟು ಬಂತೆಂದು ನಿಮಗೆ ಹೇಳಬೇಕಾಗಿಲ್ಲ. ಎರಡು ತಿಂಗಳಾಯಿತು, ಜುಲೈ ಮಳೆ ಹೊಯ್ಯುತ್ತಿದೆ, ಗೋಡೆ ಒಣಗಿದೆ, ಜಾಲರಿ ಇನ್ನೂ ಅಲ್ಲೇ ಇದೆ. ಬಂದ ನೆಂಟರು ಇದು ಯಾರದು ಎಂದು ಕೇಳುತ್ತಾರೆ. ನನ್ನದು ಎನ್ನುತ್ತೇನೆ.